ಅಜ್ಜಿ ಚರಣ ನುಡಿಸುತ್ತಿರಲಿಲ್ಲ

ನಮ್ಮ ಅಜ್ಜಿ, ಅಂದರೆ ಅಮ್ಮನ ಅಮ್ಮ, ವೀಣೆ ನುಡಿಸುತ್ತಿದ್ದರು. ನನಗೂ ಅವರೇ ಕಲಿಸಿದ್ದು. ಖಮಾಚ್ ರಾಗದಲ್ಲಿ ಮೈಸೂರು ವಾಸುದೇವಾಚಾರ್ಯರ ಕೃತಿಯೊಂದಿದೆ, ಕಛೇರಿಗಳಲ್ಲಿ ನೀವು ಖಂಡಿತ ಕೇಳಿರುತ್ತೀರಿ. ಅದನ್ನು ಅಜ್ಜಿ ಎಷ್ಟು ಚೆನ್ನಾಗಿ ನುಡಿಸುತ್ತಿದ್ದರು ಅಂದರೆ ಪಕ್ಕದ ಮನೆಯವರು ಒಗೆಯುವ ಬಟ್ಟೆ ಬಿಟ್ಟು ಬಂದು ಕಿಟಕಿ ಹತ್ತಿರ ನಿಲ್ಲುತ್ತಿದ್ದರು. ಪಲ್ಲವಿ, ಅನುಪಲ್ಲವಿ, ಸಾಹಿತ್ಯವಿಲ್ಲದ ಬರೀ ಸ್ವರಗಳ ಚಿಟ್ಟೆಸ್ವರ, ಮತ್ತೆ ಪಲ್ಲವಿ. ಅಷ್ಟೇ. ಅಲ್ಲಿಗೆ ವೀಣೆ ಕೆಳಗಿಟ್ಟುಬಿಡುತ್ತಿದ್ದರು. ಕೃತಿಯ ಕೊನೆಯ ಭಾಗ ಚರಣ, ಅದಕ್ಕೆ ಹೋಗುತ್ತಲೇ ಇರಲಿಲ್ಲ. ನನಗೂ ಅಷ್ಟೇ ಹೇಳಿಕೊಟ್ಟರು. ಯಾಕೆ ಅಂತ ನಾನು ಒಂದು ದಿನವೂ ಕೇಳಲಿಲ್ಲ. ಅನ್ನ ಆರಿಹೋಗುತ್ತೆ ಅಂತ ಎದ್ದಿರಬೇಕು ಅಂದುಕೊಂಡಿದ್ದೆ.

ಇದು ನೆನಪಾಗಿದ್ದು ಮೈಸೂರಿನಲ್ಲಲ್ಲ. 2016ರಲ್ಲಿ, ಲಂಡನ್ನಿನ ಒಂದು ಥಿಯೇಟರಿನಲ್ಲಿ.

ಆ ವರ್ಷ ವಿಕ್ಟೋರಿಯಾ ಸ್ಟೇಷನ್ ಹತ್ತಿರದ ಸೇಂಟ್ ಜೇಮ್ಸ್ ಥಿಯೇಟರಿಗೆ ‘ದಿ ಪಿಯಾನಿಸ್ಟ್ ಆಫ್ ವಿಲ್ಸ್‌ಡನ್ ಲೇನ್’ ಅನ್ನುವ ಕಾರ್ಯಕ್ರಮ ಬಂದಿತ್ತು. ನಾಟಕ ಅನ್ನಲೋ, ಪಿಯಾನೋ ಕಛೇರಿ ಅನ್ನಲೋ ಗೊತ್ತಿಲ್ಲ, ಎರಡೂ ಹೌದು. ವೇದಿಕೆ ಮೇಲೆ ಒಂದು ದೊಡ್ಡ ಪಿಯಾನೋ, ಹಿಂದೆ ತೂಗುಹಾಕಿದ ಚಿನ್ನದ ಬಣ್ಣದ ಚಿತ್ರದ ಚೌಕಟ್ಟುಗಳು, ಮತ್ತು ಒಬ್ಬರೇ ಒಬ್ಬರು ಹೆಂಗಸು. ಅವರು ಮೋನಾ ಗೋಲಬೆಕ್, ಅಮೆರಿಕದ ಪಿಯಾನೋ ಕಲಾವಿದೆ. ಹೇಳುವುದು ತಮ್ಮ ತಾಯಿ ಲೀಸಾ ಯೂರಾ ಅವರ ಕಥೆ. ನುಡಿಸುವುದು ತಾಯಿ ನುಡಿಸುತ್ತಿದ್ದ ಸಂಗೀತ. ಇದನ್ನು ರಂಗಕ್ಕೆ ತಂದು ನಿರ್ದೇಶಿಸಿದವರು ಹರ್ಷಿ ಫೆಲ್ಡರ್, ಅವರೂ ಪಿಯಾನೋ ನುಡಿಸುತ್ತಾ ಕಥೆ ಹೇಳುವವರೇ. ಮೊದಲು 2012ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆಯಿತು, ಆಮೇಲೆ ಊರೂರು ಸುತ್ತಿತು.

ಕಥೆ ಶುರುವಾಗುವುದು 1938ರ ವಿಯೆನ್ನಾದಲ್ಲಿ. ಲೀಸಾಗೆ 14 ವರ್ಷ. ವಾರವಿಡೀ ಕಾಯುವುದು ಪಿಯಾನೋ ಪಾಠಕ್ಕೆ. ದೊಡ್ಡವಳಾದ ಮೇಲೆ ನಾರ್ವೆಯ ಸಂಗೀತಗಾರ ಗ್ರೀಗ್ ಬರೆದ ಪಿಯಾನೋ ಕನ್ಚೆರ್ಟೋವನ್ನು, ಅಂದರೆ ದೊಡ್ಡ ವಾದ್ಯವೃಂದದ ಜೊತೆ ಪಿಯಾನೋ ನುಡಿಸುವ ಕೃತಿಯನ್ನು, ವಿಯೆನ್ನಾದ ದೊಡ್ಡ ಸಭಾಂಗಣದಲ್ಲಿ ನುಡಿಸಬೇಕು ಅನ್ನುವುದು ಅವಳ ಕನಸು. ಒಂದು ದಿನ ಪಾಠಕ್ಕೆ ಹೋದರೆ ಮೇಷ್ಟ್ರು ಇನ್ನು ಕಲಿಸಲಾರೆ ಅನ್ನುತ್ತಾರೆ. ಲೀಸಾ ಯಹೂದಿ ಹುಡುಗಿ, ಹಿಟ್ಲರನ ನಾಜಿಗಳ ಆಳ್ವಿಕೆಯಲ್ಲಿ ಯಹೂದಿ ಮಕ್ಕಳಿಗೆ ಪಾಠ ಹೇಳುವುದೇ ಅಪರಾಧ ಆಗಿಬಿಟ್ಟಿರುತ್ತದೆ. ನವೆಂಬರಿನಲ್ಲಿ ಯಹೂದಿಗಳ ಅಂಗಡಿ, ಮನೆ, ಪ್ರಾರ್ಥನಾ ಮಂದಿರಗಳನ್ನು ಒಡೆದು ಸುಟ್ಟ ರಾತ್ರಿ. ಅದಾದ ಮೇಲೆ ಬ್ರಿಟನ್ ಮಕ್ಕಳನ್ನು ಮಾತ್ರ, ಅಪ್ಪ ಅಮ್ಮನನ್ನು ಬಿಟ್ಟು, ಒಳಗೆ ಕರೆದುಕೊಳ್ಳಲು ಒಪ್ಪಿಕೊಂಡಿತು. ಕಿಂಡರ್‌ಟ್ರಾನ್ಸ್‌ಪೋರ್ಟ್ ಅಂತಾರೆ. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾಗುವವರೆಗೆ ಸುಮಾರು 10,000 ಮಕ್ಕಳು ಹಾಗೆ ಬಂದರು.

ಲೀಸಾಳ ಅಪ್ಪ ದರ್ಜಿ. ಇಸ್ಪೀಟಾಟದಲ್ಲಿ ಅವರಿಗೆ ಆ ರೈಲಿನ ಒಂದೇ ಒಂದು ಜಾಗ ಸಿಗುತ್ತದೆ. ಮನೆಯಲ್ಲಿ ಮೂರು ಹೆಣ್ಣುಮಕ್ಕಳು! ಯಾರನ್ನು ಕಳಿಸುವುದು? ಲೀಸಾಳನ್ನು ಕಳಿಸುತ್ತಾರೆ. ಸ್ಟೇಷನ್ನಿನಲ್ಲಿ ಅವಳ ಅಮ್ಮ ಹೇಳುವುದು ಒಂದೇ ಮಾತು, ಸಂಗೀತ ಬಿಡಬೇಡ, ಅದೇ ನಿನಗೆ ಗೆಳತಿ ಅಂತ. ಅಕ್ಕತಂಗಿಯರು ಮುಂದೆ ಬೇರೆ ಬೇರೆ ರೀತಿ ಪಾರಾದರು. ಅಪ್ಪ ಅಮ್ಮನನ್ನು ಅವಳು ಮತ್ತೆ ನೋಡಲಿಲ್ಲ. ಇಬ್ಬರನ್ನೂ ನಾಜಿಗಳ ಆಶ್‌ವಿಟ್ಸ್ ಶಿಬಿರದಲ್ಲಿ ಕೊಂದರು.

ನಾನು ಆ ವರ್ಷಗಳಲ್ಲಿ ದಿನಾ ಕೆಲಸಕ್ಕೆ ಹೋಗುತ್ತಿದ್ದದ್ದು ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್ ಮೂಲಕ. ಆ ಮಕ್ಕಳಲ್ಲಿ ಬಹಳ ಮಂದಿ ಬಂದಿಳಿದದ್ದು ಅಲ್ಲೇ. ಸ್ಟೇಷನ್ ಹೊರಗೆ 2006ರಲ್ಲಿ ಇಟ್ಟ ಕಂಚಿನ ಮಕ್ಕಳ ಪ್ರತಿಮೆ ಇದೆ. ಮಾಡಿದ ಶಿಲ್ಪಿ ಫ್ರಾಂಕ್ ಮೈಸ್ಲರ್ ಕೂಡ ಹಾಗೇ ರೈಲಿನಲ್ಲಿ ಬಂದ ಹುಡುಗ. ಆ ಪ್ರತಿಮೆಯಲ್ಲಿ ಸೂಟ್‌ಕೇಸುಗಳ ಜೊತೆ ಪಿಟೀಲಿನ ಪೆಟ್ಟಿಗೆಯೂ ಇದೆ. ಎಷ್ಟೋ ಸಲ ಅದರ ಪಕ್ಕದಲ್ಲೇ ಕಾಫಿ ಹಿಡಿದುಕೊಂಡು ನಡೆದಿದ್ದೆ. ಆ ಕಾರ್ಯಕ್ರಮ ನೋಡಿದ ಮಾರನೇ ದಿನ ಬೆಳಿಗ್ಗೆ ಮೊದಲ ಸಲ ನಿಂತು ನೋಡಿದೆ. ಕೆಲಸಕ್ಕೆ ತಡವಾಯಿತು.

ಕಥೆ ಅಷ್ಟು ದೊಡ್ಡದಾಗಿದ್ದರೆ ಸಂಗೀತ ಹಿಂದೆ ಸರಿದುಬಿಡುತ್ತದೆ ಅಂತ ನಿಮಗೆ ಅನಿಸಬಹುದು. ನನಗೂ ಟಿಕೆಟ್ ತೆಗೆಯುವಾಗ ಆ ಅನುಮಾನ ಇತ್ತು. ಸಿನಿಮಾದಲ್ಲಿ ಅಳುವ ದೃಶ್ಯಕ್ಕೆ ಹಿನ್ನೆಲೆಯಲ್ಲಿ ಪಿಟೀಲು ಎಳೆಯುತ್ತಾರಲ್ಲ, ಹಾಗಾಗಬಾರದು ಅಂತ. ಹಾಗಾಗಲಿಲ್ಲ. ಒಂದು ಜಾಗ ಹೇಳುತ್ತೇನೆ. ಲೀಸಾ ಲಂಡನ್ನಿನ ವಿಲ್ಸ್‌ಡನ್ ಲೇನ್‌ನ 243ನೇ ನಂಬರಿನ ಹಾಸ್ಟೆಲ್ಲಿನಲ್ಲಿ ಇರುತ್ತಾಳೆ. ತನ್ನಂಥವೇ ಮಕ್ಕಳ ಜೊತೆ. ಹಗಲು ಸೈನಿಕರ ಸಮವಸ್ತ್ರ ಹೊಲಿಯುವ ಫ್ಯಾಕ್ಟರಿ ಕೆಲಸ, ಉಳಿದ ಹೊತ್ತು ಹಾಸ್ಟೆಲ್ಲಿನ ಪಿಯಾನೋ. ಮೇಲೆ ಜರ್ಮನ್ ವಿಮಾನಗಳು ಬಾಂಬ್ ಹಾಕುತ್ತಿದ್ದರೆ ಅವಳು ಆ ಗ್ರೀಗ್ ಸಂಗೀತವನ್ನು ಬಾಂಬಿಗಿಂತ ಜೋರಾಗಿ ಕೇಳಿಸಬೇಕು ಅನ್ನುವ ಹಾಗೆ ನುಡಿಸುತ್ತಾಳೆ. ಮೋನಾ ಇಲ್ಲಿ ಮಾತು ನಿಲ್ಲಿಸಿಬಿಟ್ಟರು. ಕೈ ಮಾತ್ರ. ಗ್ರೀಗ್ ಅದನ್ನು ಬರೆದದ್ದು 1868ರಲ್ಲಿ, 24ನೇ ವಯಸ್ಸಿನಲ್ಲಿ, ಯಾವ ಯುದ್ಧಕ್ಕೂ ಅಲ್ಲ. ಶುರುವಿನಲ್ಲೇ ನಗಾರಿ ಒಂದು ಉರುಳು ಉರುಳಿ, ಪಿಯಾನೋ ಮೇಲಿಂದ ಕೆಳಕ್ಕೆ ಧುಮುಕುತ್ತದೆ. ಆ ಧುಮುಕುವುದನ್ನು ನಾನು ಮೊದಲೂ ಎಷ್ಟೋ ಸಲ ಕೇಳಿದ್ದೆ. ಆದರೆ ಅದೊಂದು ಹುಡುಗಿಯ ಹಟ ಅಂತ ಕೇಳಿಸಿದ್ದು ಅವತ್ತೇ. ಈಗಲೂ ಬೇರೆ ಥರ ಕೇಳಿಸುವುದಿಲ್ಲ.

ಮುಂದೆ ಲೀಸಾಗೆ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ವಿದ್ಯಾರ್ಥಿವೇತನ ಸಿಕ್ಕಿತು, ಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಹೋದರು, ಹೆಣ್ಣುಮಕ್ಕಳಿಗೆ ಪಿಯಾನೋ ಕಲಿಸಿದರು. ನನ್ನನ್ನು ಅಲ್ಲಾಡಿಸಿದ್ದು ಇದು. ಮೋನಾಗೆ ಈ ಕಥೆಯೆಲ್ಲಾ ಸಿಕ್ಕಿದ್ದು ಪಿಯಾನೋ ಪಾಠದಲ್ಲೇ. ತಾಯಿ ಕಲಿಸುವಾಗ ಇದನ್ನು ಹೇಳುತ್ತಾ ಅದನ್ನು ಹೇಳುತ್ತಾ ಕಲಿಸಿದರು. ಅಂದರೆ ವೇದಿಕೆ ಮೇಲೆ ನಾನು ನೋಡಿದ್ದು ಆ ಮನೆಯ ಪಾಠವನ್ನೇ, ಸ್ವಲ್ಪ ದೊಡ್ಡದು ಮಾಡಿ.

ಹೊರಗೆ ಬಂದಾಗ ಚಳಿ. ಟ್ಯೂಬ್ ರೈಲಿನಲ್ಲಿ ಕೂತು ಯೋಚಿಸಿದೆ. ನನಗೂ ಪಾಠ ಆಗಿದೆ, 10 ವರ್ಷ. ಸರಳೆ, ಜಂಟಿ, ವರ್ಣ, ಕೃತಿ ಎಲ್ಲಾ ಬಂತು. ಕಥೆ ಬರಲಿಲ್ಲ. ಅಜ್ಜಿಗೆ ಯಾರು ಕಲಿಸಿದರು? ಯಾವ ಮನೆಯಲ್ಲಿ? ಆ ವೀಣೆ ಎಲ್ಲಿಂದ ಬಂತು? ಒಂದೂ ಗೊತ್ತಿಲ್ಲ.

ರಾತ್ರಿಯೇ ಫೋನ್ ಮಾಡಬೇಕು ಅನಿಸಿತು, ಮೈಸೂರಿನಲ್ಲಿ ಆಗಲೇ ಬೆಳಗಿನ ಜಾವ. ಮಾರನೇ ದಿನ ಅಮ್ಮನಿಗೆ ಮಾಡಿದೆ. ಅಜ್ಜಿ ಯಾಕಮ್ಮಾ ಚರಣ ನುಡಿಸುತ್ತಿರಲಿಲ್ಲ ಅಂತ ಕೇಳಿದೆ.

“ಅಮ್ಮ ಕಲ್ತಿದ್ದೇ ಅಷ್ಟು ಕಣೇ. ಪಾಠ ಅಲ್ಲಿಗೆ ಬಂದಾಗ ಮದುವೆ ಗೊತ್ತಾಯ್ತು. ಆಮೇಲೆ ಯಾರು ಕಳಿಸ್ತಾರೆ ಪಾಠಕ್ಕೆ?”

ಅಮ್ಮ ಇದನ್ನು ಹಾಲು ಕಾಯಿಸುತ್ತಾ ಹೇಳಿದರು. ನಾನು ಕೂತುಬಿಟ್ಟೆ. ಅಜ್ಜಿಗೆ ಮದುವೆ ಆದದ್ದು 1941ರಲ್ಲಿ, 15 ವರ್ಷಕ್ಕೆ. ಆಮೇಲೆ ವೀಣೆ ಗವಸು ಹಾಕಿಕೊಂಡು ಅಟ್ಟದ ಮೇಲೆ ಹೋಯಿತು. ಐದು ಮಕ್ಕಳಾಗಿ, ಅವರೆಲ್ಲಾ ಸ್ಕೂಲಿಗೆ ಹೋದ ಮೇಲೆ ಇಳಿಯಿತು. ಮೇಣ ಒಡೆದು, ತಂತಿಯ ಕೆಳಗೆ ಸಾಲಾಗಿ ಕೂರಿಸುವ ಲೋಹದ ಮೆಟ್ಟಿಲುಗಳೆಲ್ಲಾ ಸಡಿಲವಾಗಿದ್ದವಂತೆ. ಮೆಟ್ಟಿಲು ಕೂರಿಸಿ, ತಂತಿ ಹಾಕಿಸಿ, ಮತ್ತೆ ಶುರು ಮಾಡಿದರು. ಬಿಟ್ಟಲ್ಲಿಂದ ಅಲ್ಲ, ಬಿಟ್ಟಲ್ಲಿಯವರೆಗೆ.

ಒಂದು ಮಾತು ಹೇಳಿಬಿಡುತ್ತೇನೆ, ನಾನು ಲೀಸಾರನ್ನೂ ಅಜ್ಜಿಯನ್ನೂ ಹೋಲಿಸುತ್ತಿಲ್ಲ. ಅಪ್ಪ ಅಮ್ಮನನ್ನು ಕೊಂದು ಹಾಕಿದ ಲೋಕಕ್ಕೂ ಮೈಸೂರಿನ ಒಂದು ಮದುವೆ ಮನೆಗೂ ಹೋಲಿಕೆಯೇ ಇಲ್ಲ. ಆದರೆ ಇಬ್ಬರು ಹುಡುಗಿಯರಿಗೂ ಪಾಠ ಅರ್ಧಕ್ಕೆ ನಿಂತಿತು, ಇಬ್ಬರೂ ಕೈಯಲ್ಲಿದ್ದಷ್ಟನ್ನು ಮಕ್ಕಳಿಗೆ, ಮೊಮ್ಮಕ್ಕಳಿಗೆ ಕೊಟ್ಟರು. ಅದನ್ನು ನಾನು ಮರೆಯಲಾರೆ.

ಆಗ ಮನಸ್ಸಿಗೆ ಬಂದದ್ದು, ನಾವೂ ಇಂಥದ್ದೊಂದು ಮಾಡಬಹುದಲ್ವಾ. ಕಥೆ ಹೇಳುತ್ತಾ ಹಾಡುವುದು ನಮಗೇನು ಹೊಸದಾ? ನಾನು ಗುರುರಾಜುಲು ನಾಯ್ಡು ಅವರ ಹರಿಕಥೆ ಕ್ಯಾಸೆಟ್ ಕೇಳಿಕೊಂಡೇ ಬೆಳೆದವಳು. ಆದರೆ ಕೂತು ಬರೆಯಲು ಹೋದಾಗ ಕಷ್ಟ ಗೊತ್ತಾಯಿತು. ಹರಿಕಥೆಯಲ್ಲಿ ಕೇಳುವವರಿಗೆ ಕಥೆ ಮೊದಲೇ ಗೊತ್ತು. ದ್ರೌಪದಿ ಯಾರು ಅಂತ ದಾಸರು ಹೇಳಬೇಕಿಲ್ಲ, ನೇರ ಹಾಡಿಗೆ ಹೋಗಬಹುದು. ನಮ್ಮಜ್ಜಿ ಯಾರಿಗೆ ಗೊತ್ತು? ಹಾಗಾಗಿ ಮನೆ, ಬೀದಿ, ಸಂಬಂಧ ಅಂತ ಹೇಳುತ್ತಾ ಹೋದರೆ ಅರ್ಧ ಗಂಟೆ ಮಾತೇ ಆಗುತ್ತದೆ. ನನ್ನ ಮೊದಲ ಕರಡು ಓದಿದರೆ 40 ನಿಮಿಷ ಹಿಡಿಯಿತು, ನುಡಿಸುವುದಕ್ಕೆ ಉಳಿದದ್ದು 30. ಸಂಬಂಧಗಳನ್ನೆಲ್ಲಾ ತೆಗೆದುಹಾಕಿದೆ. ವಸ್ತುಗಳನ್ನು ಉಳಿಸಿಕೊಂಡೆ: ಗವಸು, ಅಟ್ಟ, ತಂತಿ ಬಿಗಿಯುವ ಬಿರಡೆಗೆ ಹಚ್ಚುವ ಸೀಮೆಸುಣ್ಣ, ಮಧ್ಯಾಹ್ನದ ರೇಡಿಯೋ. ಅಜ್ಜಿಯ ಮೈಸೂರಿನಲ್ಲಿ ರೇಡಿಯೋ ದೊಡ್ಡ ವಿಷಯ. ಗೋಪಾಲಸ್ವಾಮಿ ಅನ್ನುವ ಮನಃಶಾಸ್ತ್ರದ ಪ್ರೊಫೆಸರ್ 1935ರಲ್ಲಿ ಅಲ್ಲಿ ಸ್ವಂತವಾಗಿ ರೇಡಿಯೋ ಕೇಂದ್ರ ಶುರುಮಾಡಿದ್ದರು, ‘ಆಕಾಶವಾಣಿ’ ಅನ್ನುವ ಹೆಸರು ಇಡೀ ದೇಶಕ್ಕೆ ಹೋದದ್ದು ಅಲ್ಲಿಂದ.

(ಇನ್ನೊಂದು ಮೈಸೂರಿನ ವಿಷಯ, ಬಿಡಲು ಮನಸ್ಸಿಲ್ಲ. ಮಹಾರಾಜ ಜಯಚಾಮರಾಜ ಒಡೆಯರ್ ಸ್ವತಃ ಪಿಯಾನೋ ಕಲಿತವರು. ಯುದ್ಧ ಮುಗಿದ ಮೇಲೆ, ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯದ ಮೆಟ್ನರ್ ಅನ್ನುವ ಸಂಗೀತಗಾರರ ಕೃತಿಗಳನ್ನು ರೆಕಾರ್ಡ್ ಮಾಡಿಸಲು ದುಡ್ಡು ಕೊಟ್ಟವರು ಅವರೇ. ಆ ಮೆಟ್ನರ್ ಪಿಯಾನೋಗೆ ಬರೆದ ಎಷ್ಟೋ ಸಣ್ಣ ಕೃತಿಗಳಿಗೆ ‘ಕಥೆಗಳು’ ಅಂತಲೇ ಹೆಸರು. ಅವುಗಳಲ್ಲಿ ಒಂದೂ ಮಾತಿಲ್ಲ.)

ಹೋದ ವರ್ಷ ಕೊನೆಗೂ ಮಾಡಿದೆವು. ಲಂಡನ್ನಿನ ಹ್ಯಾರೋದಲ್ಲಿ ಬಾಡಿಗೆಗೆ ಹಿಡಿದ ಒಂದು ಸಣ್ಣ ಹಾಲ್, ಜಮಖಾನೆ, ನಲವತ್ತು ಜನ. ಮೃದಂಗಕ್ಕೆ ಒಬ್ಬ ಸ್ನೇಹಿತರು. ಪಿಯಾನೋ ಥರ ವೀಣೆ ನುಡಿಸುತ್ತಾ ಮಾತಾಡುವುದು ನನ್ನಿಂದ ಆಗಲಿಲ್ಲ, ತಂತಿ ಎಳೆದು ಸ್ವರ ತೂಗಿಸುವ ಗಮಕ ಹಿಡಿದ ಎಡಗೈ ಮಾತಿನ ಜೊತೆ ಜಾರಿಬಿಡುತ್ತದೆ. ಅದಕ್ಕೆ ಒಂದು ಉಪಾಯ ಮಾಡಿದೆ. ಶ್ರುತಿಪೆಟ್ಟಿಗೆಯನ್ನು ಮೊದಲಿನಿಂದ ಕೊನೆತನಕ ನಿಲ್ಲಿಸಲೇ ಇಲ್ಲ. ಮಾತಾಡುವಾಗಲೂ ಶ್ರುತಿ ಇತ್ತು. ಆಗ ಮಾತು ತಾನಾಗಿ ನಿಧಾನವಾಗುತ್ತದೆ, ದನಿ ಷಡ್ಜದ, ಅಂದರೆ ‘ಸ’ ಸ್ವರದ, ಹತ್ತಿರ ಬಂದು ಕೂರುತ್ತದೆ, ಮಾತು ಮುಗಿದು ತಂತಿ ಮೀಟಿದಾಗ ಎಲ್ಲಿಂದಲೋ ಹಾರಿದ ಹಾಗೆ ಅನಿಸುವುದಿಲ್ಲ. ಯಾರಾದರೂ ಇಂಥದ್ದು ಮಾಡುವುದಾದರೆ ಇದೊಂದು ಖಂಡಿತ ಮಾಡಿ ನೋಡಿ.

ಕೊನೆಗೆ ಖಮಾಚ್. ಮೊದಲು ಏನೂ ಹೇಳದೆ ನುಡಿಸಿದೆ. ಪಲ್ಲವಿ, ಅನುಪಲ್ಲವಿ, ಚಿಟ್ಟೆಸ್ವರ, ಪಲ್ಲವಿ. ನಿಲ್ಲಿಸಿದೆ. ಎದುರಿಗೆ ಕೂತಿದ್ದವರಲ್ಲಿ ಆ ಕೃತಿ ಗೊತ್ತಿದ್ದವರು ಚರಣಕ್ಕೆ ಕಾಯುತ್ತಿದ್ದರು, ಒಬ್ಬರ ಕೈ ತಾಳ ಹಾಕುತ್ತಲೇ ಇತ್ತು. ಆಗ ಹೇಳಿದೆ, ನಮ್ಮಜ್ಜಿಗೆ ಪಾಠ ಆದದ್ದು ಇಷ್ಟೇ ಅಂತ. ತಾಳ ಹಾಕುತ್ತಿದ್ದ ಕೈ ನಿಂತಿತು. ಸ್ವಲ್ಪ ಹೊತ್ತು ಹಾಲಿನಲ್ಲಿ ಶ್ರುತಿ ಮಾತ್ರ ಇತ್ತು. ಒಬ್ಬರು ವಯಸ್ಸಾದವರು ಆಮೇಲೆ ಬಂದು, ತಮ್ಮ ತಾಯಿಗೂ ಹೀಗೇ ಒಂದು ವರ್ಣ ಅರ್ಧಕ್ಕೆ ನಿಂತಿತ್ತು ಅಂದರು, ನನ್ನ ಕೈ ಹಿಡಿದುಕೊಂಡು ನಿಂತೇ ಇದ್ದರು.

ವಿಡಿಯೋ ಮಾಡಿ ಮನೆಯವರ ಗ್ರೂಪಿಗೆ ಹಾಕಿದೆ. ಅಮ್ಮ ಅತ್ತರು. ಎರಡು ದಿನ ಬಿಟ್ಟು ಚಿಕ್ಕಮ್ಮನ ಫೋನ್ ಬಂತು, ಶಿವಮೊಗ್ಗದಿಂದ.

“ಚೆನ್ನಾಗಿ ಮಾಡಿದೀಯ. ಆದ್ರೆ ಒಂದು ತಪ್ಪು ಹೇಳಿದೀಯ ಕಣೇ. ನಮ್ಮಮ್ಮಂಗೆ ಚರಣ ಬರ್ತಿತ್ತು.”

ರೇಡಿಯೋ ಕೇಳಿ ಕಲಿತಿದ್ದರಂತೆ. ಮಧ್ಯಾಹ್ನ ಒರಳಲ್ಲಿ ರುಬ್ಬುವಾಗ ಗುನುಗುತ್ತಿದ್ದರಂತೆ, ಪೂರ್ತಿ ಚರಣ, ಒಂದು ಸ್ವರ ತಪ್ಪಿಲ್ಲದೆ. ಚಿಕ್ಕಮ್ಮ ಕೊನೆಯ ಮಗಳು, ಅಡುಗೆಮನೆ ಬಾಗಿಲಲ್ಲಿ ಕೂತು ಕೇಳಿದ್ದಾರೆ. ಅಮ್ಮ ಆಗ ಕಾಲೇಜಿಗೆ ಹೋಗುತ್ತಿದ್ದರು. ಹಾಗಾದರೆ ವೀಣೆಯಲ್ಲಿ ಯಾಕೆ ನುಡಿಸಲಿಲ್ಲ ಅಂತ ಕೇಳಿದೆ. ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು.

“ನಾನೂ ಕೇಳಿದ್ದೆ. ಮೇಷ್ಟ್ರು ಹೇಳಿಕೊಟ್ಟಿಲ್ಲವಲ್ಲ ಅಂದ್ರು.”

ಅಂದರೆ ನಾನು ನಲವತ್ತು ಜನರ ಮುಂದೆ ಹೇಳಿದ್ದು ಪೂರ್ತಿ ನಿಜ ಅಲ್ಲ. ಅಮ್ಮ ಹೇಳಿದ್ದೂ ಸುಳ್ಳಲ್ಲ. ಈಗ ಕಥೆಯ ಆ ಭಾಗವನ್ನು ಮತ್ತೆ ಬರೆಯುತ್ತಿದ್ದೇನೆ. ಮುಂದಿನ ಸಲ ಪಲ್ಲವಿಗೆ ನಿಲ್ಲಿಸಿ, ವೀಣೆಯನ್ನು ಕೆಳಗಿಟ್ಟು, ಚರಣವನ್ನು ಬಾಯಲ್ಲೇ ಮೆಲ್ಲಗೆ ಹಾಡಬೇಕು ಅಂತಿದ್ದೇನೆ, ಅಜ್ಜಿ ಒರಳ ಮುಂದೆ ಗುನುಗಿದ ಹಾಗೆ. ಅವರು ಹೇಗೆ ಗುನುಗುತ್ತಿದ್ದರು ಅಂತ ಚಿಕ್ಕಮ್ಮನಿಗೆ ಮಾತ್ರ ಗೊತ್ತು. ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತೇನೆ ಅಂದಿದ್ದಾರೆ. ಗಂಟಲು ಕಟ್ಟಿದೆಯಂತೆ, ವಾಸಿಯಾಗಲಿ ಅಂತ ಕಾಯುತ್ತಿದ್ದೇನೆ.