ಇನ್ನೆಷ್ಟು ಹಿಂದಕ್ಕೆ ಹೋಗಬೇಕು?

ಅಂಡಮಾನಿನಿಂದ ಕಳೆದ ವಾರ ಮರಳಿದೆ. ಸಿಕ್ಕವರೆಲ್ಲ ಮೊದಲು ಕೇಳುವುದು ರಾಧಾನಗರದ ಕಡಲತೀರ ಹೇಗಿತ್ತು ಎಂದು. ಬಹಳ ಚೆನ್ನಾಗಿತ್ತು. ಹ್ಯಾವ್‌ಲಾಕ್‌ನ ಆ ತೀರದಲ್ಲಿ ಎತ್ತರದ ಮರಗಳ ಕಾಡು ಮರಳಿನ ಅಂಚಿನವರೆಗೂ ಬಂದು ನಿಂತಿದೆ. ಬಿಸಿಲಲ್ಲಿ ನಡೆದು ಸಾಕಾದವರು ನಾಲ್ಕು ಹೆಜ್ಜೆ ಒಳಗೆ ಹೋದರೆ ತಂಪು. ಫೋಟೋಗಳನ್ನು ತೋರಿಸುತ್ತೇನೆ, ಅವರೂ ಮೆಚ್ಚುತ್ತಾರೆ. ಆದರೆ ನನ್ನ ತಲೆಯೊಳಗೆ ದಿನವಿಡೀ ತಿರುಗುತ್ತಿರುವುದು ಪಕ್ಕದ ನೀಲ್ ದ್ವೀಪದಲ್ಲಿ ನಡೆದ ಎರಡು ನಿಮಿಷದ ಮಾತುಕತೆ.

ನೀಲ್‌ಗೆ ಈಗ ಶಹೀದ್ ದ್ವೀಪ ಎಂದು ಹೆಸರು, 2018ರ ಡಿಸೆಂಬರ್ 30ರಿಂದ. ದಿನಬಳಕೆಯಲ್ಲಿ ಎಲ್ಲರಿಗೂ ಅದು ಇನ್ನೂ ನೀಲ್. ಅಲ್ಲಿಯ ಊರುಗಳ ಹೆಸರು ಸೀತಾಪುರ, ಭರತಪುರ, ಲಕ್ಷ್ಮಣಪುರ, ರಾಮನಗರ. ಭರತಪುರದ ತೀರದಲ್ಲಿ ಇಳಿತದ ಹೊತ್ತು. ಗಾಜಿನ ತಳದ ದೋಣಿಗಳು ಹವಳದ ಬಂಡೆಗೆ ತಾಗದಂತೆ ಹೊರಡಬೇಕಾದರೆ ನೀರು ಏರಬೇಕು. ಕಾಯುತ್ತಿದ್ದೆವು. ದೋಣಿಯ ಯಜಮಾನ, ಅರುವತ್ತರ ಆಸುಪಾಸಿನವರು, ಮರದ ನೆರಳಿನಲ್ಲಿ ಕುಳಿತು ಬಲೆಯ ಹರಿದ ಭಾಗವನ್ನು ಹೆಣೆಯುತ್ತಿದ್ದರು. ಪ್ರವಾಸಿಗರು ಬರುವ ತಿಂಗಳುಗಳಲ್ಲಿ ದೋಣಿ, ಉಳಿದಂತೆ ಮೀನು, ಮನೆಯ ಹಿಂದೆ ಅಡಿಕೆ ಮತ್ತು ತರಕಾರಿ. ನೀಲ್‌ನಲ್ಲಿ ಬೆಳೆದ ತರಕಾರಿ ಹಡಗು ಹತ್ತಿ ಪೋರ್ಟ್ ಬ್ಲೇರ್‌ನ ಮಾರುಕಟ್ಟೆಗೆ ಹೋಗುತ್ತದೆ.

ನಮ್ಮ ಗುಂಪಿನಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ಹೋದಲ್ಲೆಲ್ಲ ಜನರನ್ನು ಮಾತಿಗೆಳೆಯುವ ಸ್ವಭಾವ. ಅವರೇ ಹಿಂದಿಯಲ್ಲಿ ಕೇಳಿದರು:

“ನಿಮ್ಮ ಮೂಲ ಊರು ಯಾವುದು?”

“ಇದೇ ಸಾಬ್, ಭರತಪುರ.”

“ಅದು ಸರಿ. ಮೂಲ ಊರು?”

“ನೀಲ್.”

“ಅಲ್ಲಪ್ಪಾ, ನಿಮ್ಮ ತಂದೆಯವರು ಎಲ್ಲಿಂದ ಬಂದವರು?”

ಹೆಣೆಯುತ್ತಿದ್ದ ಕೈ ನಿಂತಿತು. “ಬಾರಿಸಾಲ್ ಎಂದು ಹೇಳುತ್ತಿದ್ದರು. ನಾನು ನೋಡಿಲ್ಲ.”

“ಹಾಗೆ ಹೇಳಿ. ಅಂದರೆ ನೀವು ಬಾಂಗ್ಲಾದೇಶದವರು!”

ಲೆಕ್ಕ ತಾಳೆಯಾದಾಗಿನ ಸಂತೋಷ ಆ ಹಿರಿಯರ ದನಿಯಲ್ಲಿತ್ತು. ದೋಣಿಯವರು ಸಿಟ್ಟಾಗಲಿಲ್ಲ. ಬಲೆಯನ್ನು ಪಕ್ಕಕ್ಕಿಟ್ಟು, ಶಾಲೆಯ ಮಕ್ಕಳಿಗೆ ಹೇಳುವಷ್ಟು ನಿಧಾನವಾಗಿ ಹೇಳಿದರು: “ಅಪ್ಪ ಹೊರಟಾಗ ಆ ಹೆಸರಿನ ದೇಶವೇ ಇರಲಿಲ್ಲ, ಸಾಬ್. ಸರ್ಕಾರವೇ ಹಡಗಿನಲ್ಲಿ ಕರೆತಂದು ಇಲ್ಲಿ ಇಳಿಸಿತು. ಅಪ್ಪ ಕಾಡು ಕಡಿದು ಗದ್ದೆ ಮಾಡಿದರು. ನಾನು ಇಲ್ಲೇ ಹುಟ್ಟಿದೆ. ಇನ್ನೆಷ್ಟು ಹಿಂದಕ್ಕೆ ಹೋಗಬೇಕು?”

ಆ ಹಿರಿಯರು ಕೆಟ್ಟವರಲ್ಲ. ಹಡಗಿನಲ್ಲಿ ವಾಂತಿ ಮಾಡುತ್ತಿದ್ದ ಯಾರದೋ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತಿದ್ದವರು ಅವರು. ಊರು ಯಾವುದು ಎಂದು ಕೇಳದೆ ನಮ್ಮಲ್ಲಿ ಯಾವ ಮಾತು ಶುರುವಾಗುತ್ತದೆ? ಆದರೆ ಒಮ್ಮೆ ಕೇಳುವುದು ಬೇರೆ, ಕೊಟ್ಟ ಉತ್ತರವನ್ನು ಒಪ್ಪದೆ ಮತ್ತೆ ಮತ್ತೆ ಕೇಳುವುದು ಬೇರೆ. “ಬಾಂಗ್ಲಾದೇಶದವರು” ಎಂಬ ಮಾತು ಇವತ್ತು ಬಂಗಾಳಿ ಮಾತನಾಡುವ ಬಡವನೊಬ್ಬನ ಮೇಲೆ ಬಿದ್ದರೆ ಏನಾಗುತ್ತದೆ ಎಂಬುದು ಪತ್ರಿಕೆ ಓದುವ ಅವರಿಗೆ ತಿಳಿಯದ ವಿಷಯವಲ್ಲ. ನನಗೆ ನಿಜಕ್ಕೂ ನೋವಾಯಿತು.

ನೋವಿಗೆ ಮನೆಯ ಕಾರಣವೂ ಇದೆ. ನನ್ನ ಅಮ್ಮನ ತವರು ಶರಾವತಿಯ ಹಿನ್ನೀರಿನಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಮನೆ, ಗದ್ದೆ, ತೋಟ, ಭೂತನ ಕಟ್ಟೆ ಎಲ್ಲ ನೀರಿನಡಿಗೆ ಹೋದವು. ನಾಡಿಗೆ ಬೆಳಕು ಬಂತು. ಮುಳುಗಡೆಯಾದವರನ್ನು ಲಾರಿಯಲ್ಲಿ ತಂದು ಎಲ್ಲೆಲ್ಲೋ ಇಳಿಸಿದರು. ಅವರ ಭೂಮಿಯ ಹಕ್ಕಿನ ತಕರಾರು ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ. ಹೊಸ ಊರಿನಲ್ಲಿ ಅಜ್ಜಿ ಬದುಕಿನ ಕೊನೆಯವರೆಗೂ ‘ಮುಳುಗಡೆಯವರು’ ಆಗಿಯೇ ಉಳಿದರು. ನೆಂಟಸ್ತಿಕೆಯ ಮಾತು ಬಂದಾಗ ಎದುರಿನವರು “ಮೂಲ ಊರು?” ಎನ್ನುತ್ತಿದ್ದರು. ಅಜ್ಜಿ ಕೈ ಎತ್ತಿ ನೀರಿನ ದಿಕ್ಕಿಗೆ ತೋರಿಸುತ್ತಿದ್ದರು.

ದೋಣಿಯವರ ಅಪ್ಪನಂಥವರನ್ನು ಸರ್ಕಾರ ಅಂಡಮಾನಿಗೆ ಕರೆತರಲು ಆರಂಭಿಸಿದ್ದು 1949ರಲ್ಲಿ. ದೇಶ ವಿಭಜನೆಯಾಗಿ ಪೂರ್ವ ಬಂಗಾಳದಿಂದ ಕಲ್ಕತ್ತೆಗೆ ಬಂದು ನಿರಾಶ್ರಿತರ ಶಿಬಿರಗಳಲ್ಲಿದ್ದ ರೈತ ಕುಟುಂಬಗಳವು. ಭೂಮಿ ಕೊಡುತ್ತೇವೆ ಎಂದು ಹಡಗು ಹತ್ತಿಸಿದರು. ಕೊಟ್ಟ ಭೂಮಿಯ ಮೇಲೆ ದಟ್ಟ ಕಾಡು ನಿಂತಿತ್ತು. ನದಿಯ ದೇಶದಿಂದ ಬಂದವರು ಉಪ್ಪುನೀರಿನ ನಡುವೆ ಕಾಡು ಕಡಿಯುತ್ತಾ ಕುಳಿತರು. ಅದೇ ಜನರ ಇನ್ನೊಂದಷ್ಟು ಕುಟುಂಬಗಳನ್ನು ದಂಡಕಾರಣ್ಯಕ್ಕೆ ಕಳಿಸಿದರು, ಇನ್ನು ಕೆಲವು ನಮ್ಮ ಸಿಂಧನೂರಿಗೇ ಬಂದವು. ಅಲ್ಲಿಯ ಆರ್.ಎಚ್. ಕ್ಯಾಂಪುಗಳಲ್ಲಿ, ಅಂದರೆ ಪುನರ್ವಸತಿ ಕ್ಯಾಂಪುಗಳಲ್ಲಿ, ಅವರ ಮಕ್ಕಳು ಮೊಮ್ಮಕ್ಕಳು ಈಗಲೂ ಇದ್ದಾರೆ. ರಾಯಚೂರಿನ ಬಿಸಿಲಲ್ಲಿ ಭತ್ತ ಬೆಳೆಯುವ ಅವರಿಗೂ ಮೂಲ ಊರಿನ ಪ್ರಶ್ನೆ ತಪ್ಪಿರಲಿಕ್ಕಿಲ್ಲ.

ಮನೆ ಕಳೆದುಕೊಂಡವರ ಊರುಗಳಿಗೆ ಸೀತೆಯ, ಲಕ್ಷ್ಮಣನ, ಭರತನ ಹೆಸರುಗಳು. ಯಾರು ಇಟ್ಟರೋ, ಏನು ನೆನೆದು ಇಟ್ಟರೋ, ರಾಮಾಯಣ ಕೇಳಿ ಬೆಳೆದ ನನಗೆ ಆ ಹೆಸರುಗಳನ್ನು ಓದುವಾಗ ವನವಾಸವೇ ಕಣ್ಣಿಗೆ ಬಂತು. ರಾಮನದು ಹದಿನಾಲ್ಕು ವರ್ಷಕ್ಕೆ ಮುಗಿಯಿತು, ಅಯೋಧ್ಯೆ ಇದ್ದಲ್ಲೇ ಇತ್ತು. ಇವರಿಗೆ ಮರಳುವ ದಾರಿಯೇ ಇರಲಿಲ್ಲ. ಕಾಡನ್ನೇ ಅಯೋಧ್ಯೆ ಮಾಡಿಕೊಳ್ಳಬೇಕಾಯಿತು.

ಇಷ್ಟಕ್ಕೇ ನಿಲ್ಲಿಸಿದರೆ ನನ್ನ ಮನಸ್ಸಿಗೆ ಸಮಾಧಾನವಾಗುತ್ತಿತ್ತು. ಆದರೆ “ಇನ್ನೆಷ್ಟು ಹಿಂದಕ್ಕೆ” ಎಂಬ ಮಾತು ಬಿಡುವುದಿಲ್ಲ. ಹಿಂದಕ್ಕೆ ಹೋಗುತ್ತಾ ಹೋದರೆ ಆ ಕಾಡಿನಲ್ಲಿ ಮೊದಲಿದ್ದವರು ಎದುರಾಗುತ್ತಾರೆ. ನೀಲ್, ಹ್ಯಾವ್‌ಲಾಕ್ ಇರುವ ರಿಚೀಸ್ ದ್ವೀಪಸ್ತೋಮ ಗ್ರೇಟ್ ಅಂಡಮಾನೀಸ್ ಜನರ ಒಂದು ಬಳಗದ ನೆಲೆ. 1858ರಲ್ಲಿ ಬ್ರಿಟಿಷರು ಕೈದಿಗಳನ್ನು ತಂದು ವಸಾಹತು ಹೂಡಿದರು. ಬಂದೂಕಿಗಿಂತ ಹೆಚ್ಚು ಜನರನ್ನು ಕೊಂದದ್ದು ಅವರ ಜೊತೆ ಬಂದ ರೋಗಗಳು: ದಡಾರ, ಸಿಫಿಲಿಸ್, ಇನ್‌ಫ್ಲುಯೆಂಜಾ. ಸಾವಿರಾರು ಸಂಖ್ಯೆಯಲ್ಲಿದ್ದ ಗ್ರೇಟ್ ಅಂಡಮಾನೀಸ್ ಜನರಲ್ಲಿ 1961ರ ಜನಗಣತಿಯ ಹೊತ್ತಿಗೆ ಉಳಿದವರು 19. ಬದುಕುಳಿದವರ ಸಂತತಿಯನ್ನು ಆಮೇಲೆ ಸ್ಟ್ರೈಟ್ ದ್ವೀಪದಲ್ಲಿ ನೆಲೆಗೊಳಿಸಿದರು. ಇತ್ತ ದ್ವೀಪಗಳಿಗೆ 1857ರ ದಂಗೆಯನ್ನು ಹತ್ತಿಕ್ಕಿದ ಸೇನಾಧಿಕಾರಿಗಳಾದ ನೀಲ್ ಮತ್ತು ಹ್ಯಾವ್‌ಲಾಕ್‌ರ ಹೆಸರುಗಳು. ಆ ಹೆಸರುಗಳನ್ನು ಅಳಿಸಿದ್ದು ನ್ಯಾಯವೇ. ಆದರೆ ಹೊಸ ಹೆಸರು ಹುಡುಕುವಾಗಲೂ ಮೊದಲಿದ್ದವರು ಆ ನೆಲವನ್ನು ಏನೆಂದು ಕರೆಯುತ್ತಿದ್ದರು ಎಂದು ಯಾರೂ ಕೇಳಿದಂತಿಲ್ಲ.

ದೋಣಿಯವರ ಅಪ್ಪನನ್ನು ಇದಕ್ಕೆ ಹೊಣೆ ಮಾಡಲು ನನಗೆ ಮನಸ್ಸು ಬರುವುದಿಲ್ಲ. ಎಲ್ಲವನ್ನೂ ಕಳೆದುಕೊಂಡು ಬಂದವನ ಕೈಗೆ ಕೊಡಲಿ ಕೊಟ್ಟು, ಇನ್ನೊಬ್ಬರ ಕಾಡಿಗೆ ನುಗ್ಗಿಸುವವರು ಯಾವಾಗಲೂ ದೂರದಲ್ಲಿರುತ್ತಾರೆ, ನಕ್ಷೆಯ ಮುಂದೆ.

ಮರಳುವಾಗ ಹಡಗಿನಲ್ಲಿ ಆ ಹಿರಿಯರ ಪಕ್ಕದಲ್ಲೇ ಸೀಟು ಸಿಕ್ಕಿತು. ನಾನಾಗಿಯೇ ಮಾತು ತೆಗೆದು ಅಮ್ಮನ ತವರಿನ ಕಥೆ ಹೇಳಿದೆ. ಅವರು ಪೇಚಾಡಿಕೊಂಡರು. “ನಾನು ಆ ಅರ್ಥದಲ್ಲಿ ಕೇಳಲಿಲ್ಲಮ್ಮಾ” ಎಂದರು. ನಂಬಿದೆ. ಬಳಿಕ “ಹಾಗಾದರೆ ಈ ದ್ವೀಪಗಳಲ್ಲಿ ಯಾರನ್ನು ಕೇಳಬೇಕು?” ಎಂದು ಕೇಳಿದರು, ಸವಾಲಾಗಿ ಅಲ್ಲ, ತಿಳಿಯುವ ಆಸೆಯಿಂದ.

ಗ್ರೇಟ್ ನಿಕೋಬಾರಿನವರನ್ನು ಕೇಳಿ ಎಂದೆ. 2004ರ ಸುನಾಮಿಯಲ್ಲಿ ಅಲ್ಲಿಯ ನಿಕೋಬಾರಿಗಳ ತೀರದ ಹಳ್ಳಿಗಳು ಕೊಚ್ಚಿಹೋದವು. ಬದುಕುಳಿದವರನ್ನು ಕ್ಯಾಂಪ್‌ಬೆಲ್ ಬೇ ಬಳಿಯ ರಾಜೀವ್ ನಗರದಂಥ ಕಾಲೊನಿಗಳಲ್ಲಿ ಇರಿಸಲಾಯಿತು. ಅವರ ಮೂಲ ಊರುಗಳಿಗೆ ಹೆಸರಿದೆ, ಜಾಗವಿದೆ: ಚಿಂಗೆನ್, ಪುಲೋ ಬಾಬಿ. ಅಲ್ಲಿಗೆ ಮರಳಲು ಬಿಡಿ ಎಂದು ಅವರು ವರ್ಷಗಳಿಂದ ಕೇಳುತ್ತಿದ್ದಾರೆ. ಅದೇ ದ್ವೀಪದಲ್ಲಿ ಸುಮಾರು 130 ಚದರ ಕಿಲೋಮೀಟರ್ ಕಾಡನ್ನು ತೆಗೆದುಕೊಂಡು ಬಂದರು, ವಿಮಾನ ನಿಲ್ದಾಣ, ಪಟ್ಟಣ ಕಟ್ಟುವ ಯೋಜನೆಗೆ 2022ರಲ್ಲಿ ಅನುಮತಿ ಸಿಕ್ಕಿತು. ಮೊದಲು ಒಪ್ಪಿಗೆ ಕೊಟ್ಟಿದ್ದ ಬುಡಕಟ್ಟು ಮಂಡಳಿ ಅದೇ ನವೆಂಬರ್‌ನಲ್ಲಿ ಪತ್ರ ಬರೆದು ಅದನ್ನು ಹಿಂತೆಗೆದುಕೊಂಡಿತು. ನಮ್ಮ ಪೂರ್ವಿಕರ ಊರುಗಳ ಜಾಗವೂ ಈ ಯೋಜನೆಯೊಳಗೆ ಸೇರುತ್ತದೆ ಎಂಬುದನ್ನು ಆಗ ನಮಗೆ ತಿಳಿಸಿರಲಿಲ್ಲ ಎಂಬುದು ಅವರ ಅಹವಾಲು. ನಮ್ಮ ಶರಾವತಿಯವರಿಗೆ ಕೇಳಲು ಊರೇ ಉಳಿಯಲಿಲ್ಲ. ಅವರ ನೆಲ ಇನ್ನೂ ಇದೆ, ಅದನ್ನು ಅವರಿಗೆ ಬಿಟ್ಟುಕೊಡಬೇಕು.