ಇಲ್ಲ ಮಾರಾಯ್ರೆ, ನರದ ಮೇಲೆ ನರ ಹತ್ತುವುದಿಲ್ಲ

ಹತ್ತುವುದಿಲ್ಲ. ಇದೇ ಉತ್ತರ. ಅವಸರದಲ್ಲಿರುವವರು ಇಲ್ಲಿಗೇ ನಿಲ್ಲಿಸಬಹುದು.

ನಾನು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಫಿಸಿಯೋಥೆರಪಿ ಶುರು ಮಾಡಿ ಹದಿನಾಲ್ಕು ವರ್ಷ ಆಯ್ತು. ಮದುವೆ ಊಟದ ಪಂಕ್ತಿಯಲ್ಲಿ, ಭಾಜಿ ಮಾರ್ಕೆಟ್‌ನಲ್ಲಿ, ಲಿಫ್ಟ್‌ನಲ್ಲಿ, ಎಲ್ಲಿ ಸಿಕ್ಕರೂ ಒಂದೇ ಪ್ರಶ್ನೆ. "ಡಾಕ್ಟ್ರೇ, ನರದ ಮೇಲೆ ನರ ಹತ್ತಿದೆ, ಏನು ಮಾಡೋದು?" ಇಲ್ಲಿನ ಹಿಂದಿಯ 'ನಸ್ ಪೇ ನಸ್ ಚಢ್ ಗಯೀ' ನಮ್ಮವರ ಬಾಯಿಗೂ ಹತ್ತಿಬಿಟ್ಟಿದೆ. ಕುತ್ತಿಗೆ ತಿರುಗದಿದ್ದರೂ ಅದೇ, ಸೊಂಟ ಹಿಡಿದರೂ ಅದೇ, ಮೀನಖಂಡ ಸೆಟೆದರೂ ಅದೇ. ನರ ಏನು ಮಾಡಿಗೆ ಹತ್ತುವ ಬೆಕ್ಕಾ?

ತಪ್ಪು ಪೂರ್ತಿ ನಿಮ್ಮದಲ್ಲ, ಒಪ್ಪಿದೆ. ನಮ್ಮ ಮಾತಿನಲ್ಲಿ ಕೈಮೇಲೆ ನೀಲಿಯಾಗಿ ಉಬ್ಬುವ ರಕ್ತನಾಳವೂ ನರ. 'ಇಂಜೆಕ್ಷನ್ ನರಕ್ಕೇ ಕೊಟ್ರು' ಅನ್ನುವಾಗಲೂ ನರ. ಹಿಮ್ಮಡಿಯ ಮೇಲಿನ ಹುರಿಯಂಥದ್ದೂ ನರ. ಮೆದುಳಿಗೆ ಸುದ್ದಿ ಒಯ್ಯುವ ಅಸಲಿ ನರ ಮಾತ್ರ ಚರ್ಮದ ಕೆಳಗೆ ಕಾಣದೆ ಇರುತ್ತೆ.

ಎಲ್ಲ ಕೆಟ್ಟಿದ್ದು ಒಂದು ಬೆಳಗಿನ ಲೋಕಲ್ ರೈಲಿನಲ್ಲಿ. ಲೇಡೀಸ್ ಡಬ್ಬಾ, ಕಾಲಿಡಲು ಜಾಗ ಇಲ್ಲ. ಫೋರ್ತ್ ಸೀಟ್‌ನಲ್ಲಿ, ಅಂದ್ರೆ ಮೂವರ ಬೆಂಚಿನ ತುದಿಯಲ್ಲಿ ಅರ್ಧ ಕುಂಡೆ ಊರಿ ಅರ್ಧ ಗಾಳಿಯಲ್ಲಿಟ್ಟು ಕೂತಿದ್ದ ಒಬ್ಬರು ಠಾಣೆ ದಾಟುತ್ತಿದ್ದಂತೆ ಅಯ್ಯೋ ಎಂದು ಕಿರುಚಿದರು. ಎಡಗಾಲಿನ ಮೀನಖಂಡ. ನಾಲ್ಕು ಜನ ಡಾಕ್ಟರು ತಕ್ಷಣ ಹುಟ್ಟಿಕೊಂಡರು. ನಡುಬೆರಳಿನ ಉಗುರಿನ ಕೆಳಗೆ ಒತ್ತಿ ಅಂದರು ಒಬ್ಬರು, ವಾಟ್ಸಾಪ್‌ನಲ್ಲಿ ಬಂದಿತ್ತಂತೆ. ನಾನು ಹೇಗೋ ಬಗ್ಗಿ ಅವರ ಚಪ್ಪಲಿ ತೆಗೆದು, ಮಂಡಿ ನೇರ ಮಾಡಿಸಿ, ಪಾದದ ಮುಂಭಾಗವನ್ನು ಮೆಲ್ಲಗೆ ಮೊಣಕಾಲಿನ ಕಡೆಗೆ ತಳ್ಳಿ ಹಿಡಿದೆ. ಕೈಯಡಿಯಲ್ಲಿ ಕರಟದಷ್ಟು ಗಟ್ಟಿಯಾಗಿದ್ದ ಸ್ನಾಯು ಅರ್ಧ ನಿಮಿಷಕ್ಕೆ ಸಡಿಲಾಯ್ತು. ಅದು ಸೆಳೆತ, ಅಷ್ಟೇ. ದಣಿದ ಸ್ನಾಯು ತಾನಾಗಿಯೇ ಮುದುಡಿಕೊಂಡು ಬಿಡಲ್ಲ ಅನ್ನುತ್ತೆ, ಎಳೆದು ಹಿಡಿದರೆ ಬಿಡುತ್ತೆ.

ಇಷ್ಟನ್ನೂ ವಿವರಿಸಿದೆ. ಅವರು ಕೇಳಿ, ತಲೆಯಾಡಿಸಿ, ಪಕ್ಕದವರಿಗೆ ಹೇಳಿದ್ದು: "ಇವರು ನರ ಇಳಿಸ್ತಾರೆ."

ಅವತ್ತಿನಿಂದ ನಾನು ನರ ಇಳಿಸುವ ಡಾಕ್ಟರು. ಹಾಗಂತ ಬಂದವರ ಹತ್ತಿರ ಫೀಸ್ ತಗೊಂಡಿಲ್ವಾ? ತಗೊಂಡಿದ್ದೇನೆ. ಮನೆ ಲೋನ್ ಇದೆ.

ನನಗೆ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಸ್ನಾಯು ಹಿಡಿದವರೆಲ್ಲ ನರ ನರ ಅನ್ನುತ್ತಾರೆ, ನಿಜವಾಗಿ ನರ ಅಮುಕಿದವರು ವಾಯು ಅಂತಲೋ ರಕ್ತ ಕಮ್ಮಿ ಅಂತಲೋ ಸುಮ್ನೆ ಕೂತಿರುತ್ತಾರೆ. 'ಇದು ನರದ್ದು ಅಂತ ಹೇಗೆ ಗೊತ್ತಾಗುತ್ತೆ?' ಅಂತ ಒಬ್ಬರಾದರೂ ಕೇಳಬಾರದಾ? ಕೇಳಿದರೆ ನಾನು ಕುರ್ಲಾದ ಕಥೆ ಹೇಳುತ್ತೇನೆ. ದೂರದ ಕುರ್ಲಾ ಸ್ಟೇಷನ್ನಿನಲ್ಲಿ ಸಿಗ್ನಲ್ ಕೆಟ್ಟರೆ ಜನ ತುಂಬಿ ಒದ್ದಾಡುವುದು ಡೊಂಬಿವಲಿ ಪ್ಲಾಟ್‌ಫಾರ್ಮ್‌ನಲ್ಲಿ, ಅಲ್ವಾ? ನರವೂ ಹಾಗೆ. ಸಯಾಟಿಕ್ ನರ ಮೈಯಲ್ಲೇ ಅತಿ ದಪ್ಪ, ಹೆಚ್ಚುಕಮ್ಮಿ ಬೆರಳಿನಷ್ಟು. ಅದರ ಬೇರು ಸೊಂಟದಲ್ಲಿ ಒತ್ತಿದರೆ ಉರಿ, ಜೋಮು ಮಂಡಿ ದಾಟಿ ಪಾದದವರೆಗೆ ಗೆರೆ ಎಳೆದಂತೆ ಇಳಿಯುತ್ತೆ. ಸ್ನಾಯು ನೋವು ಸಾಮಾನ್ಯವಾಗಿ ಹಿಡಿದಲ್ಲೇ ಇರುತ್ತೆ.

ಬರೀ ಸೊಂಟ ಹಿಡಿದಿದ್ದರೆ ಮಲಗಿಬಿಡಬೇಡಿ, ಆದಷ್ಟು ಓಡಾಡಿ. ಹೆಚ್ಚಿನವು ಕೆಲವೇ ವಾರಗಳಲ್ಲಿ ಇಳಿಯುತ್ತವೆ. ಎಂಆರ್‌ಐಗೂ ಓಡಬೇಡಿ. ನೋವೇ ಇಲ್ಲದವರ ಸ್ಕ್ಯಾನ್‌ಗಳ ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿ ನೋಡಿದಾಗ 20ರ ಪ್ರಾಯದವರಲ್ಲೇ ಶೇ. 30 ಮಂದಿಗೆ ಡಿಸ್ಕ್, ಅಂದ್ರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಉಬ್ಬಿತ್ತು, 80ರವರಲ್ಲಿ ಶೇ. 84. ಆದರೆ ಮೂತ್ರ ಹಿಡಿತ ತಪ್ಪಿದರೆ, ಕೂರುವ ಜಾಗವೇ ಮರಗಟ್ಟಿದರೆ, ಪಾದ ಎತ್ತಲಾಗದಿದ್ದರೆ ಅವತ್ತೇ ಆಸ್ಪತ್ರೆ. ನನ್ನ ಹತ್ತಿರವೂ ಬರಬೇಡಿ.

ನಮ್ಮ ದೊಡ್ಡಮ್ಮನನ್ನೇ ನೋಡಿ. ಚಪಾತಿ-ಪಲ್ಯ ಮಾರುವ ಪೋಳಿ-ಭಾಜಿ ಕೇಂದ್ರಕ್ಕೆ ದಿನಕ್ಕೆ ನೂರೈವತ್ತು ಚಪಾತಿ ಲಟ್ಟಿಸುತ್ತಾರೆ. ರಾತ್ರಿ ಎರಡಕ್ಕೆ ಎದ್ದು ಬಲಗೈ ಝಾಡಿಸುವುದು, ಬೆಳಿಗ್ಗೆ ಕೈಯಿಂದ ಚಹಾ ಲೋಟ ಜಾರುವುದು ಆರು ತಿಂಗಳಿಂದ ನಡೆದಿತ್ತು. ಮನೆಯಲ್ಲೇ ನಾನಿದ್ದೇನೆ, ಹೇಳಿಲ್ಲ. ಯಾವ ಬೆರಳು ಅಂತ ಕೇಳಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧ. ಕಿರುಬೆರಳಿಗೆ ಏನೂ ಇಲ್ಲ. ಇಷ್ಟು ಸಾಕು, ಮಣಿಕಟ್ಟಿನ ಇಕ್ಕಟ್ಟು ದಾರಿಯಲ್ಲಿ ಮೀಡಿಯನ್ ನರ ಅಮುಕುತ್ತಿದೆ ಅಂತ ಅನುಮಾನ ಬರಲು. ಕಾರ್ಪಲ್ ಟನಲ್ ಅನ್ನುವುದು ಇದಕ್ಕೇ. ಡಾಕ್ಟರಿಗೆ ತೋರಿಸಿದೆವು, ಹೌದು ಅಂದರು. ಮಲಗುವಾಗ ಮಣಿಕಟ್ಟು ಮಡಚದಂತೆ ಸ್ಪ್ಲಿಂಟ್ ಪಟ್ಟಿ ಕಟ್ಟಿದೆ, ಲಟ್ಟಿಸುವುದನ್ನು ಅರ್ಧಕ್ಕಿಳಿಸಿದೆ. ಅದಕ್ಕೆ ಆದ ಜಗಳ ಇಲ್ಲಿ ಬೇಡ.

ಈಗ ರಾತ್ರಿ ಏಳುವುದಿಲ್ಲ. ಮೊನ್ನೆ ಎಡಗೈಗೂ ಒಂದು ಪಟ್ಟಿ ಬೇಕು ಅಂದರು. ಅದರಲ್ಲೂ ಜೋಮಾ ದೊಡ್ಡಮ್ಮ ಅಂದೆ.

"ಇಲ್ಲ ಮಗಾ. ನರ ಹತ್ತೋಕೆ ಮುಂಚೆಯೇ ಕಟ್ಟಿಟ್ಟರೆ ಒಳ್ಳೇದಲ್ವಾ?"