ದೇವರು ಜೊತೆಗಿದ್ದರೆ ನನಗ್ಯಾಕೆ ಗೊತ್ತಾಗುತ್ತಿಲ್ಲ?

ಪ್ರಾರ್ಥನೆ ಮುಗಿಸಿ ಹೊರಗೆ ಬಂದಾಗ ಯಾರಾದರೊಬ್ಬರು ಹತ್ತಿರ ಬಂದು ದನಿ ತಗ್ಗಿಸಿ ಕೇಳುತ್ತಾರೆ: "ದೇವರು ಯಾವಾಗಲೂ ಜೊತೆಗಿದ್ದಾನೆ ಅಂತೀರಲ್ಲ, ನನಗೆ ಒಂದು ದಿನವೂ ಹಾಗೆ ಅನ್ನಿಸಿಲ್ಲ. ನನ್ನಲ್ಲೇ ಏನಾದರೂ ಕೊರತೆ ಇದೆಯಾ?"

ಇಲ್ಲ. ನನಗೂ ಎಷ್ಟೋ ದಿನ ಏನೂ ಅನ್ನಿಸುವುದಿಲ್ಲ. ಗೊತ್ತಾಗುವುದೆಲ್ಲ ಆಮೇಲೆ.

ಬೈಬಲಿನ ಯಾಕೋಬನಿಗೂ ಹೀಗೇ ಆಯಿತು. ಅಣ್ಣನಿಗೆ ಮೋಸ ಮಾಡಿ ಮನೆ ಬಿಟ್ಟು ಹೊರಟಿದ್ದ. ದಾರಿಯಲ್ಲಿ ಕತ್ತಲಾಯಿತು. ಸಿಕ್ಕ ಕಲ್ಲನ್ನೇ ತಲೆದಿಂಬು ಮಾಡಿಕೊಂಡು ಮಲಗಿದ. ಕನಸಿನಲ್ಲಿ ಸ್ವರ್ಗದವರೆಗೆ ಏಣಿ ಕಂಡಿತು. ಎದ್ದು ಅವನು ಹೇಳಿದ್ದು ಇಷ್ಟು: ದೇವರು ಇಲ್ಲೇ ಇದ್ದಾನೆ, ನನಗೆ ಗೊತ್ತೇ ಇರಲಿಲ್ಲ. ಅವನೇನು ದೇವರನ್ನು ಹುಡುಕಿಕೊಂಡು ಹೋಗಿರಲಿಲ್ಲ, ಸುಸ್ತಾಗಿ ಮಲಗಿದ್ದ ಅಷ್ಟೇ.

ಅದಕ್ಕೇ ನಾನು ಮಲಗುವ ಮುಂಚೆ ಐದು ನಿಮಿಷ ದಿನವನ್ನು ತಿರುಗಿ ನೋಡುತ್ತೇನೆ. ಎಲ್ಲಿ ಮನಸ್ಸು ಹಗುರವಾಯಿತು? ಎಲ್ಲಿ ಕಲ್ಲಾಯಿತು? ಯಾರ ಮಾತನ್ನು ಕೇಳಿಯೂ ಕೇಳದವನ ಹಾಗೆ ಇದ್ದೆ? ಇದು ನಾನು ಕಂಡುಹಿಡಿದದ್ದಲ್ಲ. 16ನೇ ಶತಮಾನದಲ್ಲಿ ಸಂತ ಇಗ್ನೇಷಿಯಸ್ ಕಲಿಸಿದ ಅಭ್ಯಾಸ. ಅವರು ಕಟ್ಟಿದ ಯೇಸುಸಭೆ ಅನ್ನುವ ಕ್ರೈಸ್ತ ಸನ್ಯಾಸಿಗಳ ಸಂಘದಲ್ಲಿ ಇದನ್ನು ದಿನಕ್ಕೆ ಎರಡು ಸಲ ಮಾಡುವ ರೂಢಿ. ನನಗೆ ಒಂದು ಸಲವೇ ಜಾಸ್ತಿ.

ಒಮ್ಮೆ ಹೀಗೆ ಕೂತಾಗ ಹೊಳೆಯಿತು, ಹಳೆಯ ಗೆಳೆಯನೊಬ್ಬನ ನೆನಪು ಮೂರು ದಿನದಿಂದ ಮತ್ತೆ ಮತ್ತೆ ಬರುತ್ತಿದೆ. ಪಾತ್ರೆ ತೊಳೆಯುವಾಗ ಬಂದಿತ್ತು, ಬಸ್ಸಿನಲ್ಲಿ ಬಂದಿತ್ತು. ಮಾರನೆಯ ದಿನ ಫೋನ್ ಮಾಡಿದೆ. ಅವನು ದೊಡ್ಡ ಕಷ್ಟದಲ್ಲಿದ್ದ, ಸರಿಯಾದ ಹೊತ್ತಿಗೆ ನಾನು ಸಿಕ್ಕೆ ಅಂತ ಬರೆದರೆ ಚೆನ್ನಾಗಿರುತ್ತಿತ್ತು. ಹಾಗೇನೂ ಇರಲಿಲ್ಲ. ಆರಾಮಾಗಿದ್ದ. ಹತ್ತು ನಿಮಿಷ ಹರಟೆ ಹೊಡೆದೆವು. ಆದರೂ ಆ ಫೋನು ದೇವರ ಕರೆಗೆ ನಾನು ಕೊಟ್ಟ ಉತ್ತರವೇ. ಕರೆದದ್ದು ಯಾಕೆ ಅಂತ ಕರೆದವನಿಗೆ ಗೊತ್ತಿದ್ದರೆ ಸಾಕು.

ಹಾಗಂತ ತಲೆಗೆ ಬಂದದ್ದೆಲ್ಲ ದೇವರ ಮಾತಲ್ಲ. ಸಿಗ್ನಲ್ ಹಸಿರಾದದ್ದು ನನಗಾಗಿ ದೇವರು ಮಾಡಿದ ಪವಾಡ ಅನ್ನುವವರನ್ನು ಕಂಡರೆ ನನಗೆ ನಗು ಬರುತ್ತದೆ. ಅಡ್ಡರಸ್ತೆಯಲ್ಲಿ ಕೆಂಪು ದೀಪಕ್ಕೆ ನಿಂತವನು ಏನು ಪಾಪ ಮಾಡಿದ್ದ? ನನ್ನ ಅಳತೆ ಸರಳ. ಬಂದ ಯೋಚನೆ ನನ್ನನ್ನು ದೊಡ್ಡವನಾಗಿ ತೋರಿಸುತ್ತಿದ್ದರೆ ಅನುಮಾನಿಸುತ್ತೇನೆ. ಕ್ಷಮೆ ಕೇಳು, ಕೊಡು, ಸುಮ್ನೆ ಕೇಳಿಸಿಕೊ ಅನ್ನುತ್ತಿದ್ದರೆ ಅದನ್ನು ಮಾಡಿಬಿಡುತ್ತೇನೆ. ಅಲ್ಲಿ ತಪ್ಪಿದರೂ ನಷ್ಟವಾಗುವುದು ನನ್ನ ಜಂಬಕ್ಕೆ.

"ಕೆಲಸದ ಗಲಾಟೆಯಲ್ಲಿ ಇದೆಲ್ಲ ಆಗುತ್ತಾ?" ಅಂತಲೂ ಕೇಳುತ್ತಾರೆ. ಆಗ ನಾನು ಬ್ರದರ್ ಲಾರೆನ್ಸ್ ಹೆಸರು ಹೇಳುತ್ತೇನೆ. 17ನೇ ಶತಮಾನದವರು. ಮೊದಲು ಸೈನಿಕ, ಆಮೇಲೆ ಪ್ಯಾರಿಸ್ಸಿನ ಕಾರ್ಮೆಲ್ ಮಠದಲ್ಲಿ ಅಡುಗೆಯವರು. ಅಡುಗೆ ಕೆಲಸ ಅವರಿಗೆ ಇಷ್ಟವೇ ಇರಲಿಲ್ಲ. ಆದರೂ ವರ್ಷಗಟ್ಟಲೆ ಮಾಡಿದರು, ಒಲೆಯ ಮುಂದೆಯೇ ದೇವರ ಜೊತೆ ಮಾತಾಡುತ್ತಾ. ಪ್ರಾರ್ಥನೆಯ ಹೊತ್ತು, ಕೆಲಸದ ಹೊತ್ತು ಅಂತ ಅವರಿಗೆ ಬೇರೆ ಬೇರೆ ಇರಲಿಲ್ಲ. ಇದು ಮೊದಲ ದಿನವೇ ಬಂದದ್ದೂ ಅಲ್ಲ, ಶುರುವಿನ ಹತ್ತು ವರ್ಷ ತುಂಬಾ ಒದ್ದಾಡಿದೆ ಅಂತ ಅವರೇ ಬರೆದಿದ್ದಾರೆ.

ಅವರಲ್ಲಿ ನನಗೆ ತುಂಬಾ ಹಿಡಿಸಿದ್ದು ಮಾತ್ರ ಬೇರೆ. ಮರೆತು ತಪ್ಪು ಮಾಡಿದಾಗ ಕೊರಗುತ್ತಾ ಕೂರುತ್ತಿರಲಿಲ್ಲ. ನೀನು ಕೈಬಿಟ್ಟರೆ ನಾನು ಮಾಡುವುದೇ ಇಷ್ಟು ಅಂತ ದೇವರಿಗೆ ಹೇಳಿ ಕೆಲಸಕ್ಕೆ ಮರಳುತ್ತಿದ್ದರು.

ನಿನ್ನೆ ರಾತ್ರಿ ನಾನೂ ಆ ಐದು ನಿಮಿಷ ಕೂರದೆ ನಿದ್ದೆಹೋದೆ. ಬೆಳಿಗ್ಗೆ ಹಲ್ಲುಜ್ಜುವಾಗ ನೆನಪಾಯಿತು. ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ನಿನ್ನೆಯ ದಿನವನ್ನು ನೋಡಿದೆ.